ಪದಚರ್ಚೆ: ಎಳೆತವೇ ಇಲ್ಲ ಎನ್ನುವವರಿಗೆ 'ಗುರುತ್ವಾಕರ್ಷಣೆ' ಸಲ್ಲುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಚಪ್ಪಟೆ ಭೂಮಿಯವರ ವಾದವನ್ನು ಹೈಸ್ಕೂಲು ಮಕ್ಕಳಿಗೆಂದು ಬರೆಯಲು ಕೂತೆ. ಎರಡನೇ ಪ್ಯಾರಾದಲ್ಲೇ ಪದ ಕೈಕೊಟ್ಟಿತು. ಅವರಲ್ಲಿ ಒಂದು ಪಂಗಡದವರ ಪ್ರಕಾರ ಭೂಮಿ ಯಾವುದನ್ನೂ ಎಳೆಯುವುದಿಲ್ಲ. ತಟ್ಟೆಯಂಥ ಭೂಮಿಯೇ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರ್‌ನಷ್ಟು ವೇಗ ಹೆಚ್ಚಿಸಿಕೊಳ್ಳುತ್ತಾ ಮೇಲಕ್ಕೆ ಹೋಗುತ್ತಿದೆ. ಕೈಬಿಟ್ಟ ಕಲ್ಲಿನ ವೇಗ ಇದ್ದಷ್ಟೇ ಉಳಿಯುತ್ತದೆ, ನೆಲ ಬೆನ್ನಟ್ಟಿ ಬಂದು ಅದನ್ನು ಮುಟ್ಟುತ್ತದೆ.

ಇದನ್ನು 'ಗುರುತ್ವಾಕರ್ಷಣೆಗೆ ಅವರ ವಿವರಣೆ' ಎಂದು ಬರೆದಿದ್ದೆ. ಮಗಳು ಓದಿ, "ಆಕರ್ಷಣೆನೇ ಇಲ್ಲ ಅಂತಾರಲ್ಲಪ್ಪ, ಮತ್ತೆ ಈ ಪದ ಯಾಕೆ?" ಎಂದಳು. ಸರಿಯಾದ ಮಾತು. ಬರೀ 'ಗುರುತ್ವ' ಎಂದರೆ ಭಾರವಾಗಿರುವಿಕೆ ಅಷ್ಟೇ. ಯಾರು ಎಳೆದರು, ಯಾರು ತಳ್ಳಿದರು ಎಂಬ ತೀರ್ಪು ಅದರೊಳಗಿಲ್ಲ. ಅದನ್ನೇ ಉಳಿಸಿಕೊಂಡೆ.

ದೊಡ್ಡ ತೊಡಕು ಪಠ್ಯಪುಸ್ತಕದ 'ವೇಗೋತ್ಕರ್ಷ'ದ್ದು, ಅಂದರೆ ವೇಗ ಹೆಚ್ಚುತ್ತಾ ಹೋಗುವ ದರಕ್ಕೆ (ಇಂಗ್ಲಿಷಿನ acceleration) ಇರುವ ಪದದ್ದು. ತಮಾಷೆಯೆಂದರೆ ಆಕರ್ಷ, ಉತ್ಕರ್ಷ ಎರಡೂ ಒಂದೇ 'ಕೃಷ್' ಧಾತುವಿನವು. ಎಳೆಯುವುದು, ಉಳುವುದು ಎಂದು ಅದರ ಅರ್ಥ. ನಮ್ಮ ಕೃಷಿಯೂ ಅಲ್ಲಿಂದಲೇ ಬಂದದ್ದು. ಈ ವಾದದವರು ಮಾಡಿದ್ದು ಉಪಸರ್ಗ ಬದಲಾವಣೆ ಎನ್ನಬಹುದು: 'ಆ' ಹೋಗಿ 'ಉತ್' ಬಂತು! ಆದರೆ ಉತ್ಕರ್ಷ ಎಂದರೆ ಮಕ್ಕಳ ಕಿವಿಗೆ ಏಳಿಗೆ. 'ಏರುವೇಗ' ಎಂದು ಬರೆದು ನೋಡಿದೆ. ಅದು ಮೇಲೇರುವ ವೇಗ ಎಂದೂ ಕೇಳಿಸುತ್ತದೆ. ಅಲ್ಲೇ ಅರ್ಥ ಕೆಡುವುದು. ತರಕಾರಿ ಚೀಲ ಹಿಡಿದು ಲಿಫ್ಟಿನಲ್ಲಿ ನಿಂತು ನೋಡಿ. ಹೊರಡುವ ಕ್ಷಣದಲ್ಲಿ ಮಾತ್ರ ಚೀಲದ ಹಿಡಿ ಬೆರಳಿಗೆ ಒತ್ತುತ್ತದೆ. ಒಂದೇ ವೇಗಕ್ಕೆ ಬಂದಮೇಲೆ, ಇನ್ನೂ ಏರುತ್ತಿದ್ದರೂ, ಚೀಲ ಮೊದಲಿನ ತೂಕಕ್ಕೇ ಬರುತ್ತದೆ. ಹಾಗಾಗಿ 'ಭೂಮಿ ವೇಗವಾಗಿ ಮೇಲೇರುತ್ತಿದೆ' ಎಂದರೆ ಅವರ ವಾದವನ್ನೂ ತಪ್ಪಾಗಿ ಹೇಳಿದಂತೆ. ಹಿಂದಿಯವರ 'ತ್ವರಣ' ಚಿಕ್ಕದು, ಆದರೆ ನಮಗೆ ಅದು 'ತ್ವರೆ'ಯನ್ನು, ಅವಸರವನ್ನು ನೆನಪಿಸುತ್ತದೆ.

(ಮುಚ್ಚಿದ ಪೆಟ್ಟಿಗೆಯೊಳಗೆ ಎಳೆತಕ್ಕೂ ಇಂಥ ವೇಗೋತ್ಕರ್ಷಕ್ಕೂ ವ್ಯತ್ಯಾಸ ತಿಳಿಯದು ಎಂದು ಐನ್‌ಸ್ಟೈನ್ 1907ರಲ್ಲೇ ಕಂಡಿದ್ದ. ತಟ್ಟೆಯವರು ಆತುಕೊಳ್ಳುವುದು ಅದನ್ನೇ. ಆದರೆ ಆ 9.8 ಎಲ್ಲೆಡೆ ಒಂದೇ ಅಲ್ಲ: ಧ್ರುವದಲ್ಲಿ 9.83, ಸಮಭಾಜಕದಲ್ಲಿ 9.78. ಅದು ಕಡಿಮೆಯಿದ್ದಲ್ಲಿ ಲೋಲಕ ನಿಧಾನವಾಗಿ ತೂಗುತ್ತದೆ. 1672ರಲ್ಲಿ ಪ್ಯಾರಿಸ್ಸಿನಿಂದ ಸಮಭಾಜಕಕ್ಕೆ ಹತ್ತಿರದ, ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ ಫ್ರೆಂಚ್ ಖಗೋಳಜ್ಞ ಝಾನ್ ರಿಷೆಯ ಲೋಲಕದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷದಷ್ಟು ಹಿಂದೆ ಬಿತ್ತು. ಒಂದೇ ತಟ್ಟೆ ಒಂದೊಂದು ಕಡೆ ಒಂದೊಂದು ಲೆಕ್ಕದಲ್ಲಿ ಏರಿದರೆ ಸೀಳಿಹೋಗಬೇಕಿತ್ತು.)

ಕೊನೆಗೆ 'ಬೀಳು'. ನೆಲವೇ ಮೇಲೆ ಬರುವುದಾದರೆ 'ಕಲ್ಲು ಬಿತ್ತು' ಎನ್ನಬಹುದೇ? ಭೂಮಿಗೆ ಆಕೃಷ್ಟಿಶಕ್ತಿ, ಎಂದರೆ ಎಳೆಯುವ ಶಕ್ತಿ, ಇದೆ ಎಂದ ಭಾಸ್ಕರಾಚಾರ್ಯರೇ 12ನೇ ಶತಮಾನದಲ್ಲಿ 'ಪತತೀವ ಭಾತಿ', ಬೀಳುವಂತೆ ತೋರುತ್ತದೆ, ಎಂದು ಜಾಗ್ರತೆಯಿಂದ ಬರೆದರು. ಅದನ್ನೇ ಎರವಲು ತಂದು 'ಬಿದ್ದಂತೆ ಕಾಣುತ್ತದೆ' ಎಂದು ಬರೆದಿದ್ದೇನೆ. ವೇಗೋತ್ಕರ್ಷಕ್ಕೆ ಮಾತ್ರ ಇನ್ನೂ ಮನಸ್ಸು ಒಪ್ಪುತ್ತಿಲ್ಲ. ತರಗತಿಯಲ್ಲಿ ಪಾಠ ಮಾಡುವವರು ಬಾಯಲ್ಲಿ ಏನೆಂದು ಹೇಳುತ್ತೀರಿ?