ಹಲಸು, ಹೊನ್ನೆ ಪೆನ್ನಿನ ಮೈಮೇಲಿನ ಗುಳಿ ಮುಚ್ಚೋದು ಹೇಗೆ? ಅನುಭವ ಇರೋರು ಹೇಳಿ

ಪ್ರಶ್ನೆ (ತುಮಕೂರು): ಹಲಸು ಮತ್ತು ಹೊನ್ನೆಯ ಚೇಗಿನಲ್ಲಿ 7 ಮಿ.ಮೀ. ಹಿತ್ತಾಳೆ ಕೊಳವೆಯ ಪೆನ್ನು ಕಡೆಯುತ್ತಿದ್ದೇನೆ. 600 ನಂಬರ್ ಸ್ಯಾಂಡ್ ಪೇಪರ್ ತನಕ ತಿಕ್ಕಿ, ಸಿಎ ಅಂಟು (ಫೆವಿಕ್ವಿಕ್ ಜಾತಿಯದು) ಆರು ಕೋಟ್ ಹಾಕಿದರೂ ಬೆಳಕಿಗೆ ಓರೆಯಾಗಿ ಹಿಡಿದರೆ ಉದ್ದುದ್ದ ಗುಳಿ ಕಾಣುತ್ತೆ. ಕೆಲವು ಗುಳಿಯಲ್ಲಿ ಬಿಳಿ ಚುಕ್ಕೆ ಬೇರೆ. ಇನ್ನೂ ಕೋಟ್ ಹೆಚ್ಚಿಸಬೇಕಾ?

ಗುಬ್ಬಿ: ಬೇಡ ಸರ್, ಕೋಟ್ ಹೆಚ್ಚಿಸಿದರೆ ಅಂಟು ಖರ್ಚಾಗುತ್ತೆ ಅಷ್ಟೇ. ಹಲಸಿನ ರಂಧ್ರ ಬರಿಗಣ್ಣಿಗೇ ಕಾಣುವಷ್ಟು ದೊಡ್ಡದು. ಉದ್ದಕ್ಕೆ ಕಡೆದಾಗ ಆ ನಾಳಗಳು ಸೀಳಿ, ತೆರೆದ ಕಾಲುವೆಯಾಗುತ್ತವೆ. ತೆಳು ಅಂಟು ಅದರೊಳಗೆ ಇಳಿದು ಗೋಡೆಗೆ ಹತ್ತುತ್ತೆ ಹೊರತು ತುಂಬಿಕೊಳ್ಳಲ್ಲ. ಮುಂದಿನ ಕೋಟ್ ಕೂಡ ಅದೇ ತಗ್ಗನ್ನ ಅನುಸರಿಸುತ್ತೆ. ಹೊಳಪಿಗೆ ಮೊದಲು ಗುಳಿ ತುಂಬಬೇಕು, ಅದೂ ಅದೇ ಮರದ ಪುಡಿಯಿಂದ.

ಬುಷ್‌ಗಿಂತ (ಪೆನ್ನಿನ ಎರಡೂ ತುದಿಗೆ ಕೂರಿಸುವ, ಅಳತೆ ತೋರಿಸುವ ಉಕ್ಕಿನ ಬಳೆ) 0.2 ಮಿ.ಮೀ. ದಪ್ಪ ಉಳಿಸಿ ಉಳಿ ನಿಲ್ಲಿಸಿ. 180ರಲ್ಲಿ ತಿಕ್ಕಿ, ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಎಳೆಯ ಉದ್ದಕ್ಕೆ ಉಜ್ಜಿ ರಂಧ್ರ ಖಾಲಿ ಮಾಡಿ. ಲೇತ್ ನಿಮಿಷಕ್ಕೆ 500 ಸುತ್ತಿನ ಆಸುಪಾಸಿನಲ್ಲಿರಲಿ. ತೆಳು ಸಿಎ ನಾಲ್ಕೈದು ಹನಿ ಉದ್ದಕ್ಕೂ ಬಿಟ್ಟ ತಕ್ಷಣ 240ರ ಪೇಪರ್ ಒತ್ತಿ. ಏಳುವ ಪುಡಿ ಹಸಿ ಅಂಟಿಗೆ ಬೆರೆತು ಕೆಸರಿನಂತಾಗಿ ಗುಳಿಯೊಳಗೆ ತುರುಕಿಕೊಳ್ಳುತ್ತೆ. ಹತ್ತು ಹದಿನೈದು ಸೆಕೆಂಡಿಗೆ ಗಟ್ಟಿಯಾಗುತ್ತೆ, ಹಾಗಾಗಿ ಒಮ್ಮೆಗೆ ಅರ್ಧ ಉದ್ದ ಮಾತ್ರ. ಹಲಸಿಗೆ ಮೂರು ಸಲ ಬೇಕಾಗುತ್ತೆ, ಹೊನ್ನೆಗೆ ಎರಡು ಸಾಕಾಗಬಹುದು.

ಆಮೇಲೆ ಒಂದು ರಾತ್ರಿ ಬಿಡಿ, ಇದನ್ನ ತಪ್ಪಿಸಬೇಡಿ. ತುಂಬಿದ್ದು ಒಣಗುತ್ತಾ ಕುಗ್ಗುತ್ತೆ. ಅದೇ ದಿನ ಮೇಲೆ ಕೋಟ್ ಕಟ್ಟಿದರೆ ವಾರದಲ್ಲಿ ಗುಳಿ ಮತ್ತೆ ಮೇಲೇಳುತ್ತೆ. ಮರುದಿನ 240, 320, 400. ಪ್ರತಿ ನಂಬರ್ ಆದ ಮೇಲೆ ಲೇತ್ ನಿಲ್ಲಿಸಿ, ಎಳೆಯ ಉದ್ದಕ್ಕೆ ಕೈಯಿಂದ ತಿಕ್ಕಿ, ಸುತ್ತುಗೀರು ಹೋಗಲಿ. ಗುಳಿಯ ಹೊರಗೆ ಮರ ಪೂರ್ತಿ ಬರಿದಾಗಿ ಕಾಣಬೇಕು. ಅಂಟು ಪಟ್ಟೆಪಟ್ಟೆಯಾಗಿ ಉಳಿದರೆ ಬಣ್ಣವೂ ಪಟ್ಟೆಯಾಗುತ್ತೆ. ಈಗ ತೆಳು ಎರಡು ಕೋಟ್, ಮಧ್ಯಮ ದಪ್ಪದ್ದು ನಾಲ್ಕರಿಂದ ಆರು ಕೋಟ್ ಹಾಕಿದರೆ ಸಾಕು.

ಚಿಂತಾಮಣಿ: ಬಿಳಿ ಚುಕ್ಕೆಗೆ ಎರಡು ಕಾರಣ. ಒಂದು, ತಿಕ್ಕಿದ ಪುಡಿ ಅಥವಾ ಪಾಲಿಶ್ ಪೇಸ್ಟ್ ತೆರೆದ ಗುಳಿಯಲ್ಲಿ ಕೂತು ಒಣಗೋದು. ಗುಳಿ ಮುಚ್ಚಿದರೆ ಅದು ತಾನೇ ನಿಲ್ಲುತ್ತೆ. ಇನ್ನೊಂದು ಆಕ್ಸಿಲರೇಟರ್, ಅಂದರೆ ಸಿಎ ಬೇಗ ಗಟ್ಟಿಯಾಗಲು ಹೊಡೆಯುವ ಸ್ಪ್ರೇ. ಹತ್ತಿರದಿಂದ ಜಾಸ್ತಿ ಹೊಡೆದರೆ ಅಂಟು ಒಮ್ಮೆಲೇ ಕುದಿದು ಗುಳಿಯ ಮೇಲೆ ನೊರೆಗಟ್ಟುತ್ತೆ. ಒಂದಡಿ ದೂರದಿಂದ ಒಂದೇ ಒತ್ತು ಸಾಕು. ಆಗದಿದ್ದರೆ ಅದಿಲ್ಲದೆ ತಾನಾಗೇ ಒಣಗಲು ಬಿಡಿ.

ಹೊನ್ನೆ ವಿಷಯದಲ್ಲಿ ಎಚ್ಚರ. ಹೊನ್ನೆ ಲೋಟದಲ್ಲಿಟ್ಟ ನೀರಿಗೆ ಬಣ್ಣ ಇಳಿಯೋದು ಎಲ್ಲರಿಗೂ ಗೊತ್ತು. ಮುಚ್ಚದ ಮರದ ಮೇಲೆ ನೀರು, ಸ್ಪಿರಿಟ್ ಹಾಕಿ ಒರೆಸಿದರೆ ಬಣ್ಣ ಎಳೆದುಕೊಂಡು ಪಕ್ಕಕ್ಕೆ ಹರಡುತ್ತೆ. ಒಣ ಬ್ರಷ್ ಅಥವಾ ಗಾಳಿ ಮಾತ್ರ. ಹಲಸಿನಲ್ಲಿ ಇನ್ನೊಂದು ತೊಂದರೆ: ಉಕ್ಕಿನ ಬುಷ್‌ಗೆ ಪೇಪರ್ ತಾಗಿದರೆ ಕಪ್ಪು ಪುಡಿ ಹಳದಿ ಮರದ ಗುಳಿಗೆ ಸೇರಿ, ತುದಿ ಕೊಳಕಾಗುತ್ತೆ. ತಿಕ್ಕುವಾಗ ಬುಷ್ ತೆಗೆದು ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಕೋನ್ ಹಾಕಿ. ಅದಕ್ಕೆ ಸಿಎ ಗಟ್ಟಿಯಾಗಿ ಹಿಡಿಯಲ್ಲ, ಪೆನ್ನು ಬಿಡಿಸುವಾಗ ತುದಿಯ ಪದರ ಸಿಪ್ಪೆ ಏಳೋದೂ ತಪ್ಪುತ್ತೆ. ಉಕ್ಕಿನ ನಾರನ್ನಂತೂ ಈ ಮರಗಳ ಹತ್ತಿರ ತರಬೇಡಿ. ಮುರಿದ ಎಳೆ ರಂಧ್ರದಲ್ಲಿ ಉಳಿದು ತುಕ್ಕು ಹಿಡಿದರೆ ಕಪ್ಪು ಚುಕ್ಕೆ ಹೋಗೋದೇ ಇಲ್ಲ.

ಕೋಲಾರ: ಎಲ್ಲರೂ ಸಿಎ ಅಂತಾರೆ, ನನಗೆ ಅದರ ಗಾಜಿನ ಹೊಳಪು ಹಲಸಿಗೆ ಒಪ್ಪಲ್ಲ ಅನ್ನಿಸುತ್ತೆ. ಅರಗಿನ ಪಾಲಿಶ್ ಮಾಡೋರು 100 ಮಿ.ಲೀ. ಸ್ಪಿರಿಟ್‌ಗೆ 20ರಿಂದ 25 ಗ್ರಾಂ ಅರಗು ನೆನೆಸಿ, ಅದರಲ್ಲೇ ಮರದ ಪುಡಿ ಕಲಸಿ ಅಡ್ಡಕ್ಕೆ ಉಜ್ಜಿ ತುಂಬಬಹುದು. ಬಡಗಿಗಳು ಬಾಗಿಲಿಗೆ ಬಳಿಯುವ ಚಾಕ್ ಪುಡಿ ಪೆನ್ನಿಗೆ ಬೇಡ, ಕಣ್ಣಿಗೆ ಹತ್ತಿರ ಹಿಡಿಯುವ ವಸ್ತು, ಬಿಳಿ ಗೀರು ಎದ್ದು ಕಾಣುತ್ತೆ. ಅರಗಿನ ದೌರ್ಬಲ್ಯ ಒಂದೇ: ಕೈ ಬೆವರಿಗೆ ಮಂಕಾಗುತ್ತೆ, ಸ್ಯಾನಿಟೈಜರ್ ತಾಗಿದರೆ ಕರಗುತ್ತೆ.

ಚನ್ನಪಟ್ಟಣದ ಗೊಂಬೆಯಂತೆ ಅರಗಿನ ಕಡ್ಡಿ ಒತ್ತಿ ಹಚ್ಚಬಹುದಲ್ಲ ಅಂತ ಕೆಲವರು ಕೇಳ್ತಾರೆ. ಅಲ್ಲಿ ಬಳಸೋದು ಹಾಲೆ ಮರ, ನುಣುಪು ಎಳೆಯದು, ಅದಕ್ಕೇ ಪದರ ಸಮನಾಗಿ ಕೂರುತ್ತೆ. ಹಲಸಿನ ಗುಳಿ ತುಂಬದೆ ಹಾಗೆ ಮಾಡಿದರೆ ಅರಗು ಗುಳಿಯ ಮೇಲೆ ಸೇತುವೆಯಾಗಿ ನಿಂತು ಆಮೇಲೆ ಚೂರಾಗಿ ಏಳುತ್ತೆ.

ಗುಳಿ ಮರೆಸೋದೇ ಬೇಡ, ಎಳೆ ಎದ್ದು ಕಾಣಲಿ ಅನ್ನೋರು ಹುಣಸೆ ಚೇಗಿನ ಪುಡಿ ಹಲಸಿಗೆ ತುಂಬಿ ನೋಡಿ. ಹಳದಿ ಮೈಯಲ್ಲಿ ಕಡುಗಂದು ಗೆರೆಗಳು ಬಹಳ ಚೆಂದ.

ತುಮಕೂರು (ಇನ್ನೊಬ್ಬರು): ಹತ್ತಿ ಬಟ್ಟೆಯಿಂದ ಸಿಎ ಹಚ್ಚಬೇಡಿ ತಮ್ಮಾ. ಹತ್ತಿಗೆ ಅಂಟು ಜಾಸ್ತಿ ಬಿದ್ದರೆ ಕಾದು ಹೊಗೆ ಬರುತ್ತೆ, ಬೆರಳು ಸುಡುತ್ತೆ. ಮಡಚಿದ ಟಿಶ್ಯೂ ಪೇಪರ್, ನೈಟ್ರೈಲ್ ಕೈಗವಸು, ಕನ್ನಡಕ ಇರಲಿ, ಕಿಟಕಿ ತೆಗೆದಿರಲಿ. ಅಗಸೆ ಎಣ್ಣೆ ಬಳಸೋರು ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಎಸೆಯದೆ ಹರಡಿ ಒಣಗಿಸಿ, ತಾನೇ ಹೊತ್ತಿಕೊಳ್ಳುವಂಥದ್ದು ಅದು.

ಪ್ರಶ್ನೆ ಕೇಳಿದವರು: ಧನ್ಯವಾದ ಅಕ್ಕ, ಎಲ್ಲರಿಗೂ. ಈಗಾಗಲೇ ಆರು ಕೋಟ್ ಆಗಿರೋ ಪೆನ್ನು ಉಳಿಸಬಹುದಾ?

ಗುಬ್ಬಿ: ಬಿಳಿ ಚುಕ್ಕೆ ಇಲ್ಲದಿದ್ದರೆ ಉಳಿಸಬಹುದು. 400ರಿಂದ ಮೈಯೆಲ್ಲ ಮಬ್ಬು ಮಾಡಿ, ಬೆಳಕಿಗೆ ತಿರುಗಿಸಿ. ಮಬ್ಬಿನ ನಡುವೆ ಹೊಳೆಯುತ್ತಾ ಉಳಿದ ಗೆರೆ ಎಲ್ಲಿದೆಯೋ ಅಲ್ಲಿ ಗುಳಿ ಇದೆ. ಲೇತ್ ನಿಲ್ಲಿಸಿ, ಆ ಗೆರೆಗಳಿಗೆ ಮಾತ್ರ ಟೂತ್‌ಪಿಕ್ ತುದಿಯಿಂದ ಮಧ್ಯಮ ಸಿಎ ಇಡಿ, ಒಣಗಿದ ಮೇಲೆ ಮತ್ತೆ 400. ಹೊಳಪು ಗೆರೆ ಒಂದೂ ಉಳಿಯದ ತನಕ ಇದೇ ಕೆಲಸ. ಮೇಲೆ ಎರಡು ಕೋಟ್ ಹಾಕಿ, ತುದಿಗಳಿಗೂ ಒಂದು ಹನಿ ಸವರಿ ಮುಚ್ಚಿ, ಆಮೇಲೆ ನೀರು ಹಾಕಿ ಮೈಕ್ರೋಮೆಶ್ (ಹೊಳಪು ಕೊಡುವ ಅತಿ ನಯವಾದ ತಿಕ್ಕುವ ಪ್ಯಾಡ್) 1500ರಿಂದ 12000. ತುದಿ ಮುಚ್ಚದಿದ್ದರೆ ನೀರು ಪದರದಡಿ ನುಗ್ಗಿ ಮಂಜು ಕವಿಯುತ್ತೆ. ಬಿಳಿ ಚುಕ್ಕೆ ಇದ್ದದ್ದನ್ನ ಮಾತ್ರ ಸ್ಕ್ಯೂ ಉಳಿಯಿಂದ (ಓರೆ ಬಾಯಿಯ ಉಳಿ) ಮರದವರೆಗೆ ಇಳಿಸಿ ಮೊದಲಿಂದ ಶುರು ಮಾಡಿ.