ಅಮ್ಮನ ಟಿಎಸ್‌ಎಚ್ 9.2: ಮಾತ್ರೆ ಡೋಸ್ ಏರಿಸಬೇಕಾ? ಗೊತ್ತಿದ್ದವರು ಹೇಳಿ

ಹೊಸನಗರದ ಮಗಳು: ಅಮ್ಮನಿಗೆ 54. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಎಬ್ಬಿಸೋ ಹಾರ್ಮೋನು, ಗ್ರಂಥಿ ಸೋತರೆ ಏರುತ್ತಂತೆ) 9.2 ಬಂತು, ಡಾಕ್ಟ್ರು ಥೈರಾಯ್ಡ್ ಮಾತ್ರೆ ಲೀವೊಥೈರಾಕ್ಸಿನ್ 50 ಮೈಕ್ರೋಗ್ರಾಂ ಬರೆದುಕೊಟ್ಟರು. ಮೂರು ವಾರ ಆಯ್ತು, ಸುಸ್ತು ಹಾಗೇ ಇದೆ. ಮತ್ತೆ ಟೆಸ್ಟ್ ಮಾಡಿಸಲಾ? ಕಳಲೆ (ಎಳೆ ಬಿದಿರು) ಕಾಲ ಬೇರೆ, ತಿನ್ನಬಾರದಂತೆ, ಹೌದಾ?

ಸಾಗರ ಸೀಮೆ: ಮೂರು ವಾರಕ್ಕೆ ರಕ್ತ ಕೊಡೋದು ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ. ಮಾತ್ರೆಯಲ್ಲಿರೋ ಹಾರ್ಮೋನು ಟಿ4 ರಕ್ತದಲ್ಲಿ ಅರ್ಧಕ್ಕಿಳಿಯೋಕೇ ಸುಮಾರು 7 ದಿನ ಬೇಕು. ಹಾಗಾಗಿ ದಿನಾ ನುಂಗಿದ್ದು ಒಂದು ಮಟ್ಟಕ್ಕೆ ನಿಲ್ಲೋದು ಐದಾರು ವಾರಕ್ಕೆ. ಅದನ್ನು ನೋಡಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ತನ್ನ ಟಿಎಸ್‌ಎಚ್ ಇಳಿಸೋದು ಇನ್ನೂ ನಿಧಾನ. 6ರಿಂದ 8 ವಾರಕ್ಕೆ ಮಾಡಿಸಿ, ಅವತ್ತು ರಕ್ತ ಕೊಟ್ಟ ಮೇಲೇ ಮಾತ್ರೆ. ಕೂದಲಿಗೆ ಅಂತ ಬಯೋಟಿನ್ ತಗೊಳ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಅದು ರಿಪೋರ್ಟನ್ನೇ ತಪ್ಪಿಸುತ್ತೆ. ಆತುರಕ್ಕೆ ಡೋಸ್ ಏರಿಸಿದರೆ ಟಿಎಸ್‌ಎಚ್ ತೀರಾ ಕೆಳಗೆ ಹೋಗುತ್ತೆ. ಮುಟ್ಟು ನಿಂತ ವಯಸ್ಸಲ್ಲಿ ಮೂಳೆ ಸವೆತ, ಎದೆಬಡಿತದ ಏರುಪೇರು ಬರೋದು ಅಲ್ಲಿಂದಲೇ. ಮೂರು ವಾರಕ್ಕೇ ಹೋದರೆ ಟೆಸ್ಟ್ ದುಡ್ಡು, ಶಿವಮೊಗ್ಗದ ಬಸ್ ಚಾರ್ಜು, ಒಂದು ದಿನದ ಕೆಲಸ, ಎಲ್ಲಾ ದಂಡ.

ತೀರ್ಥಹಳ್ಳಿ ತೋಟ: ಮೊದಲು ಕಾಫಿ ವಿಷಯ ಕೇಳಿ! ಬಚ್ಚಲೊಲೆಗೆ ಬೆಂಕಿ ಹಾಕಿದ ಕೂಡಲೇ ಕಾಫಿ, ಅದರ ಜೊತೆಗೇ ಮಾತ್ರೆ. ಹಾಗೆ ನುಂಗಿದರೆ ಮೈಗೆ ಹತ್ತೋದೇ ಕಮ್ಮಿ. ಬರೀ ನೀರಲ್ಲಿ ನುಂಗಿ, ಮುಕ್ಕಾಲು ಗಂಟೆಯಾದ್ರೂ ಬಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ. ಡಬ್ಬಿಯನ್ನು ಒಲೆ ಮೇಲಿನ ಗೂಡಲ್ಲಿ ಇಡಬೇಡಿ, ಜುಲೈ ತಿಂಗಳ ತೇವ, ಹಬೆ ಎರಡೂ ಲೀವೊಥೈರಾಕ್ಸಿನ್ನಿಗೆ ಆಗಲ್ಲ. ಒಳಗಿನ ಸಿಲಿಕಾ ಚೀಲ ಎಸೆಯದೆ ಮುಚ್ಚಳ ಬಿಗಿ ಮಾಡಿ.

ಸಾಗರ ಸೀಮೆ: ಬೆಳಗ್ಗೆಯೇ ಅಂತ ಶಾಸ್ತ್ರ ಏನಿಲ್ಲ. ರಾತ್ರಿ ಊಟ ಆಗಿ 3 ಗಂಟೆ ಬಿಟ್ಟು ಕೊಟ್ಟರೂ ಅಷ್ಟೇ ಚೆನ್ನಾಗಿ ಹತ್ತುತ್ತೆ.

ತೀರ್ಥಹಳ್ಳಿ ತೋಟ: ಮಳೆಗಾಲದಲ್ಲಿ ಎಂಟಕ್ಕೇ ಕಂಬಳಿ ಹೊದೆಯೋ ಅಮ್ಮನನ್ನು ಹನ್ನೊಂದಕ್ಕೆ ಎಬ್ಬಿಸ್ತೀರಾ? ಒಂದು ದಿನ ತಪ್ಪಿದರೆ ದಿನಾ ತಪ್ಪುತ್ತೆ.

ಕೊಪ್ಪದ ಘಟ್ಟ: ಕಳಲೆ ಖಂಡಿತ ಬೇಡ. ಅದರ ಸಯನೈಡ್ ಅಂಶ ದೇಹದಲ್ಲಿ ಥಯೋಸಯನೇಟ್ ಆಗಿ ಥೈರಾಯ್ಡ್ ಗ್ರಂಥಿಗೆ ಹೋಗೋ ಅಯೋಡಿನ್ನಿಗೆ ಅಡ್ಡ ನಿಲ್ಲುತ್ತೆ. ಘಟ್ಟದ ಮಣ್ಣಲ್ಲಿ ಅಯೋಡಿನ್ ಮಳೆಗೆ ತೊಳೆದುಹೋಗಿದೆ, ಗಳಗಂಡ ಬರ್ತಿದ್ದದ್ದು ಅದಕ್ಕೇ.

ಸಾಗರ ಸೀಮೆ: ಅರ್ಧ ಹೇಳಿ ಹೆದರಿಸಬೇಡಿ! ಹೋಳು ಮಾಡಿ ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ಮುಚ್ಚಳ ತೆಗೆದು ಬೇಯಿಸಿ, ಆ ನೀರು ಚೆಲ್ಲಿದರೆ ಬಹುಪಾಲು ಹೋಗುತ್ತೆ. ಮಾತ್ರೆಯಲ್ಲಿ ಇರೋದು ತಯಾರಾದ ಹಾರ್ಮೋನು, ಅದಕ್ಕೆ ಕಳಲೆ ಏನೂ ಮಾಡಲ್ಲ. ಈಗ ಅಯೋಡಿನ್ ಉಪ್ಪು ಮನೆಮನೆಗೂ ಬಂದಿದೆ. ಬಹಳ ಜನರಲ್ಲಿ ಗ್ರಂಥಿಯನ್ನು ತಿಂದುಹಾಕೋದು ದೇಹದ್ದೇ ಪ್ರತಿಕಾಯ. ಆ ಪ್ರತಿಕಾಯ ನೋಡೋ ಆಂಟಿ-ಟಿಪಿಒ ಟೆಸ್ಟ್ ಒಮ್ಮೆ ಮಾಡಿಸಿದರೆ ಸಾಕು, ಪದೇ ಪದೇ ಬೇಡ.

ಕೊಪ್ಪದ ಘಟ್ಟ: ಮನೆಮನೆಗೂ ಬಂದಿದ್ಯಾ? ಅಪ್ಪೆಮಿಡಿ ಉಪ್ಪಿನಕಾಯಿಗೆ ಹಾಕೋ ಹರಳುಪ್ಪನ್ನೇ ಸಾರಿಗೂ ಹಾಕೋ ಮನೆ ಎಷ್ಟು ಬೇಕು? ಪ್ಯಾಕೆಟ್ ಉಪ್ಪಲ್ಲಿ ಕೆ.ಜಿ.ಗೆ 15 ಮಿಲಿಗ್ರಾಂ ಅಯೋಡಿನ್ ಇದ್ದರೆ 10 ಗ್ರಾಮಿಗೆ 150 ಮೈಕ್ರೋಗ್ರಾಂ, ದೊಡ್ಡವರ ದಿನದ ಲೆಕ್ಕ ಅಷ್ಟೇ. ತೆರೆದ ಮರಿಗೆಯಲ್ಲಿ ನೀರೊಡೆದರೆ ಅದೂ ಇಳಿದುಹೋಗುತ್ತೆ.

ತೀರ್ಥಹಳ್ಳಿ ತೋಟ: ಮಿಡಿಗೆ ಹರಳುಪ್ಪೇ ಬೇಕು. ಪುಡಿ ಉಪ್ಪು ಹಾಕಿದರೆ ರಸ ಕದಡುತ್ತೆ.

ಕೊಪ್ಪದ ಘಟ್ಟ: ಅಯೋಡಿನ್ ಹಾಕಿದ ಹರಳುಪ್ಪೂ ಸಿಗುತ್ತೆ, ಚೀಲ ಓದಿ ತನ್ನಿ.