ಕರೆಂಟ್ ಬಿಲ್‌ನ ರೊಕ್ಕದಾಗ ಲೈಬ್ರರಿಗೆ ಸೋಲಾರ್: ನಮ್ ಕಡಿನೂ ಇಂಥದ್ದು ಐತೇನ್ರಿ?

ಪ್ರಶ್ನೆ (ಯಲಬುರ್ಗಾ ತಾಲೂಕು, ಊರ ಲೈಬ್ರರಿ ಕಮಿಟಿ):
ನಮಸ್ಕಾರ್ರಿ ಸರ್. ನಮ್ಮಕ್ಕನ ಮಗ ಅಮೆರಿಕಾದ ಒರೆಗಾನ್ ರಾಜ್ಯದಾಗ ಅದಾನ. ಮೊನ್ನಿ ಫೋನ್ ಮಾಡಿದಾಗ ಹೇಳಿದ, ಅಲ್ಲಿ ಕರೆಂಟ್ ಕಂಪ್ನಿ ಗಿರಾಕಿಗಳು ತಿಂಗಳಾ ತಾವಾಗೇ ಒಂದೀಟು ರೊಕ್ಕ ಜಾಸ್ತಿ ಕಟ್ತಾರಂತ, ಆ ರೊಕ್ಕದಾಗ ಲೈಬ್ರರಿ, ಸಾಲಿ, ಫೈರ್ ಸ್ಟೇಷನ್ ಮ್ಯಾಲೆ ಸೋಲಾರ್ ಹಾಕಿಸಿಕೊಡ್ತಾರಂತ. ನಮ್ಮೂರ ಪಂಚಾಯ್ತಿ ಲೈಬ್ರರಿಯೊಳಗ, ಈಗ ಅರಿವು ಕೇಂದ್ರ ಅಂತಾರಲ್ರೀ ಅದರಾಗ, ಪಿಡಿಓ, ಪಿಎಸ್ಐ ಪರೀಕ್ಷಾಕ್ಕ ಓದೋ ಹುಡುಗ್ರು ಹುಡುಗ್ಯಾರು ರಾತ್ರಿ ಹತ್ತರ ತನಕ ಕುಂದರ್ತಾರ, ಕರೆಂಟ್ ಹೋದ್ರ ಮೊಬೈಲ್ ಬ್ಯಾಟರಿ ಹಚ್ಚಿಕೊಂಡು ಓದ್ತಾರ. ನಮ್ ಕಡಿ ಕರೆಂಟ್ ಕಂಪ್ನಿ ಜೆಸ್ಕಾಂನ್ಯಾಗ ಇಂಥಾ ಗ್ರಾಂಟ್ ಐತೇನು? ಇದ್ರ ಅರ್ಜಿ ಯಾರಿಗೆ ಕೊಡಬೇಕು? ಕೇಂದ್ರ ಸರ್ಕಾರದ ಸೋಲಾರ್ ಸಬ್ಸಿಡಿ ಸ್ಕೀಮು ಸೂರ್ಯಘರ್‌ನ್ಯಾಗ 78 ಸಾವಿರ ಬರ್ತೈತಿ, ಅದನ್ನ ಹಾಕ್ರಿ ಅಂತ ಒಬ್ರು ಹೇಳಿದ್ರು, ಖರೇನಾ?

ಉತ್ತರ (ಗಂಗಾವತಿ, ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್, ಸೋಲಾರ್ ಕೆಲಸ):
ನಮಸ್ಕಾರ್ರಿ. ನಿಮ್ಮ ಅಳಿಯ ಹೇಳಿದ್ದು ಖರೇನ ಐತಿ. ಅಲ್ಲಿ ಪೆಸಿಫಿಕ್ ಪವರ್ ಅಂತ ಕಂಪ್ನಿ, ಅದರ ಬ್ಲೂ ಸ್ಕೈ ಅನ್ನೋ ಸ್ಕೀಮು, 2000ನೇ ಇಸವಿಯಾಗ ಶುರುವಾಗಿದ್ದು. ಗಿರಾಕಿ ಇಷ್ಟಪಟ್ಟು ಬ್ಲಾಕ್ (ಇಂತಿಷ್ಟು ಯೂನಿಟ್) ಲೆಕ್ಕದಾಗ ಜಾಸ್ತಿ ರೊಕ್ಕ ಕಟ್ತಾನ, ಒಂದು ಬ್ಲಾಕಿಗೆ ಹತ್ತಿರ ಹತ್ತಿರ ಎರಡು ಡಾಲರು. ಅದರಾಗ ಒಂದು ಪಾಲು ಗಾಳಿ-ಸೋಲಾರ್ ಕರೆಂಟಿನ ಸರ್ಟಿಫಿಕೇಟ್ ಖರೀದಿಗೆ ಹೋಗ್ತೈತಿ, ಉಳಿದಿದ್ದರಾಗ 2006ರಿಂದ ಊರಿನ ಸಂಸ್ಥೆಗಳಿಗೆ ಗ್ರಾಂಟ್ ಕೊಡ್ಲಿಕ್ಕೆ ಹತ್ಯಾರ. ಅರ್ಜಿ ಕರೀತಾರ, ಜನರಿಗೆ ಎಷ್ಟು ಉಪಯೋಗ ಅಂತ ತೂಕ ಮಾಡಿ ಆರಿಸ್ತಾರ. ಯಾರದರ ಸ್ವಂತ ಮನಿಗೆ ಅದು ಸಿಗಂಗಿಲ್ಲ.

ಆ ರಾಜ್ಯದಾಗ ಇನ್ನೊಂದು ರೊಕ್ಕನೂ ಐತಿ, ಅದು ಕಡ್ಡಾಯದ್ದು. 1999ರಾಗ ಕಾನೂನು ಮಾಡಿ ದೊಡ್ಡ ಎರಡು ಕಂಪ್ನಿ ಗಿರಾಕಿಗಳ ಬಿಲ್ ಮ್ಯಾಲೆ ನೂರಕ್ಕ 3ರಂಗ ಹಾಕಿದ್ರು, ಅದನ್ನ ಕರೆಂಟ್ ಉಳಿಸೋದಕ್ಕ, ಸೋಲಾರಕ್ಕ ಖರ್ಚು ಮಾಡ್ಲಿಕ್ಕೆ ಎನರ್ಜಿ ಟ್ರಸ್ಟ್ ಅಂತ ಬ್ಯಾರೇನ ಸಂಸ್ಥೆ ಮಾಡಿದ್ರು, 2002ರಿಂದ ನಡದೈತಿ. ಅಲ್ಲಿಯ ಲೈಬ್ರರಿಯವರು ಎರಡೂ ಕಡಿ ಕೇಳಿ ಕೂಡಿಸ್ಕೊಬೌದು.

ನಮ್ ಜೆಸ್ಕಾಂ ಬಿಲ್‌ನ್ಯಾಗ ಅಂಥಾ ಖಾನೆ ಇಲ್ಲರಿ. ಬಿಲ್ ತಗದು ನೋಡ್ರಿ, ನಿಗದಿತ ಶುಲ್ಕ, ಯೂನಿಟ್ ಶುಲ್ಕ, ಇಂಧನ ಹೊಂದಾಣಿಕೆ, ನೂರಕ್ಕ 9 ತೆರಿಗಿ, 2025ರ ಏಪ್ರಿಲ್‌ನಿಂದ ಪಿಂಚಣಿ-ಗ್ರಾಚ್ಯುಟಿ ಅಂತ ಒಂದು ಶುಲ್ಕ (ಮೊದಲ ವರ್ಷ ಯೂನಿಟ್‌ಗೆ 36 ಪೈಸೆ) ಸೇರ್ಯಾವ. ಇದರಾಗ ಒಂದು ಪೈಸೆನೂ ಊರ ಲೈಬ್ರರಿ ಸೋಲಾರಿಗೆ ಅಂತ ತಗದಿಡೋದಿಲ್ಲ.

78 ಸಾವಿರದ್ದು ಮನಿಗೆ ಮಾತ್ರ. ಸೂರ್ಯಘರ್ ಬಂದಿದ್ದು 2024ರ ಫೆಬ್ರವರಿಯಾಗ, ಎರಡು ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30 ಸಾವಿರ, ಮೂರು ಅಥವಾ ಮ್ಯಾಲೆ ಹಾಕಿದ್ರ 78 ಸಾವಿರ, ಮನಿ ಮೀಟರಿಗೆ. ಲೈಬ್ರರಿ ಮೀಟರ್ ಹಿಡ್ಕೊಂಡು ಹೋದ್ರ ಪೋರ್ಟಲ್‌ನ್ಯಾಗೇ ಬೀಳಂಗಿಲ್ಲ. "ಸೆಕ್ರೆಟರಿ ಮನಿ ಹೆಸರಿಗೆ ಹಾಕಿ ಲೈಬ್ರರಿಗೆ ವೈರ್ ಎಳೆಯೋಣು" ಅಂತ ಯಾರರ ಐಡಿಯಾ ಕೊಟ್ರ ಬ್ಯಾಡಂತ ಹೇಳ್ರಿ, ನಾಳೆ ಬರೋ ತಕರಾರು ನಿಮ್ಮ ತಲಿಗೇ.

ಪ್ರಶ್ನೆ (ಕೊಪ್ಪಳ):
ಸರ್ ಗ್ರಾಂಟ್ ಗೀಂಟ್ ಬಿಡ್ರಿ, ಈಗಿರೋ ಬಿಲ್ಲೇ ಕಟ್ಟಾಕ ಆಗವಲ್ದು, ಮ್ಯಾಲೆ ಇನ್ನೊಂದು ಚಾರ್ಜ್ ಹಾಕ್ರಿ ಅಂತ ನೀವ ಐಡಿಯಾ ಕೊಟ್ಟಂಗಾತು ನೋಡ್ರಿ 😀 ಬಾಜೂಕ ಮುನಿರಾಬಾದ್‌ನ್ಯಾಗ ಕರೆಂಟ್ ಹುಟ್ತೈತಿ, ಕುಷ್ಟಗಿ ಯಲಬುರ್ಗಾ ಹೊಲದಾಗೆಲ್ಲ ಗಾಳಿ ಕರೆಂಟಿನ ಫ್ಯಾನು ತಿರುಗ್ತಾವ, ಅತ್ತಾಗ ರಾಯಚೂರಾಗ ಕಲ್ಲಿದ್ದಲಿನ ಕರೆಂಟ್ ಸ್ಥಾವರ ಆರ್‌ಟಿಪಿಎಸ್ ಐತಿ, ನಮ್ಮೂರಾಗ ಮಾತ್ರ ಕತ್ತಲ.

ಉತ್ತರ:
ಹೌದ್ರಿ ಅಣ್ಣಾರ, ನಿಮ್ ಸಿಟ್ಟು ಸುಳ್ಳಲ್ಲ. ಆದ್ರ ಬ್ಲೂ ಸ್ಕೈ ಎಲ್ಲಾರ ಮ್ಯಾಲೆ ಹೇರೋದಲ್ಲ, ಬೇಕಾದೋರು ಟಿಕ್ ಹಾಕ್ತಾರ, ಬ್ಯಾಡಾದ್ರ ಬಿಡ್ತಾರ. ಹೇರೋದಾದ್ರ ನಾನೂ ನಿಮ್ ಕಡಿನ. ಇಲ್ಲಿ ಅಂಥದ್ದು ಬರಬೇಕಂದ್ರ ಜೆಸ್ಕಾಂ ಒಂದ ಮನಸ್ಸು ಮಾಡಿದ್ರ ಸಾಲಂಗಿಲ್ಲ, ಕರೆಂಟ್ ದರ ನಿಗದಿ ಮಾಡೋ ರಾಜ್ಯದ ಆಯೋಗ ಕೆಇಆರ್‌ಸಿ ಒಪ್ಪಬೇಕು. ದರ ಪರಿಷ್ಕರಣೆ ಅರ್ಜಿ ಬಂದಾಗ ಆಯೋಗ ಸಾರ್ವಜನಿಕ ವಿಚಾರಣಿ ಇಟ್ಟು ಆಕ್ಷೇಪಣೆ, ಸಲಹೆ ಕರೀತೈತಿ, ಯಾರ ಬೇಕಾದ್ರೂ ಬರೀಬೌದು. ಬರೆದ್ರ ಎರಡು ಮಾತು ಬರೀರಿ, ರೊಕ್ಕ ಇಷ್ಟಪಟ್ಟು ಕೊಡೋ ಹಂಗಿರಲಿ, ಮತ್ತ ಆ ರೊಕ್ಕದ ಖಾತೆ ಬ್ಯಾರೇ ಇರಲಿ. ಎರಡನೇದ್ದು ಇಲ್ಲಂದ್ರ ಮೊದಲನೇದ್ದು ಇದ್ರೂ ಹಾಳು, ಎಲ್ಲಾ ಸೇರಿ ಒಂದ ಹಗೇವಿಗೆ ಬೀಳ್ತೈತಿ, ನಿಮ್ಮ ಜ್ವಾಳ ಯಾವ್ದು ಅಂತ ಹುಡುಕೋರು ಯಾರು.

ಪ್ರಶ್ನೆ (ಬಳ್ಳಾರಿ, ಫ್ಯಾಕ್ಟರಿ ಎಲೆಕ್ಟ್ರಿಕಲ್ ವಿಭಾಗ):
ಸರ್, ಎಚ್‌ಟಿ (ಹೈ ಟೆನ್ಷನ್ ಲೈನಿನ ದೊಡ್ಡ) ಗಿರಾಕಿಗಳಿಗೆ ಹಸಿರು ದರ ಅಂತ ಐತಲ್ಲ, ಜಾಸ್ತಿ ಕೊಟ್ಟು ಗ್ರೀನ್ ಕರೆಂಟ್ ತಗೊಳ್ಳೋದು. ಅದೂ ಇದೂ ಒಂದೇ ಅಲ್ವಾ?

ಉತ್ತರ:
ಅರ್ಧ ಒಂದೇ ಸರ್. ಇಷ್ಟಪಟ್ಟು ಜಾಸ್ತಿ ಕೊಡೋ ತನಕ ಒಂದೇ. ನಿಮ್ಮ ಫ್ಯಾಕ್ಟರಿಗೆ ಹಸಿರು ಕರೆಂಟ್ ಬಳಸಿದ್ವಿ ಅಂತ ತೋರಿಸ್ಲಿಕ್ಕೆ ದಾಖಲಿ ಸಿಗ್ತೈತಿ, ಆದ್ರ ಆ ಹೆಚ್ಚಿನ ರೊಕ್ಕ ಕಂಪ್ನಿ ಆದಾಯಕ್ಕ ಸೇರ್ತೈತಿ, ಊರಿನ ಕೆಲಸಕ್ಕ ಗ್ರಾಂಟ್ ಆಗಿ ತಿರುಗಿ ಬರಂಗಿಲ್ಲ. ನಿಮ್ಮಂಥೋರ ಫ್ಯಾಕ್ಟರಿ ಕಡಿಂದ ಲೈಬ್ರರಿಗೆ ಬರೋ ದಾರಿ ಅಂದ್ರ ಕಂಪ್ನಿಗಳ ಸಾಮಾಜಿಕ ಹೊಣೆಯ ರೊಕ್ಕ, ಸಿಎಸ್‌ಆರ್. 2013ರ ಕಂಪ್ನಿ ಕಾಯ್ದೆ ಪ್ರಕಾರ ದೊಡ್ಡ ಕಂಪ್ನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಾಗ ನೂರಕ್ಕ 2 ಖರ್ಚು ಮಾಡಬೇಕಲ್ಲ, ಸಾಲಿ, ಪರಿಸರ, ಹಳ್ಳಿ ಅಭಿವೃದ್ಧಿ ಎಲ್ಲಾ ಅದರಾಗ ಬರ್ತಾವ. ಬಳ್ಳಾರಿ, ಸಂಡೂರು ಗಣಿ ಬಾಧಿತ ಊರಾದ್ರ ಜಿಲ್ಲಾ ಖನಿಜ ನಿಧಿನೂ ಐತಿ.

ಯಲಬುರ್ಗಾದವ್ರು ಗಮನಿಸ್ರಿ, ನಿಮ್ಮ ಕಮಿಟಿ ಸಿಎಸ್‌ಆರ್ ರೊಕ್ಕ ಕೈಯಾಗ ತಗೊಳ್ಳೋದಾದ್ರ ಸಂಘಕ್ಕ ಸಿಎಸ್‌ಆರ್-1 ನೋಂದಣಿ ಬೇಕು, ಅದಕ್ಕ ಮೊದಲು ಆದಾಯ ತೆರಿಗಿ ಇಲಾಖೆಯ 12ಎ, 80ಜಿ ನೋಂದಣಿ ಬೇಕು, ಆ ಓಡಾಟದಾಗ ಒಂದು ವರ್ಷ ಹೋಗ್ತೈತಿ. ಅದಕ್ಕ ರೊಕ್ಕ ಕೇಳಬ್ಯಾಡ್ರಿ, "ಸಾಮಾನು ನೀವ ಹಾಕಿಸಿಕೊಡ್ರಿ" ಅಂತ ಕೇಳ್ರಿ. ಪಂಚಾಯ್ತಿ ಠರಾವು ಒಂದು ಜೋಡಿಸ್ರಿ ಸಾಕು. ಎಮ್ಮೆಲ್ಲೆ ನಿಧಿ, ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಕಡಿನೂ ಅದ ಠರಾವು ನಡೀತೈತಿ.

ಪ್ರಶ್ನೆ (ಕುಷ್ಟಗಿ ತಾಲೂಕು, ಮಹಿಳಾ ಸಂಘ):
ಅಣ್ಣಾರ ನಾವು ಹತ್ತು ಮಂದಿ ಕೂಡಿ ಖಡಕ್ ರೊಟ್ಟಿ ಮಾಡಿ ಮಾರ್ತೀವಿ, ರೊಟ್ಟಿ ಮಷಿನ್‌ಗೆ ಸೋಲಾರ್ ಹಾಕೋಣಂದ್ರ ಗ್ರಾಂಟ್ ಐತೇನ್ರಿ, ನಮ್ದೂ ಸಮುದಾಯದ್ದ ಅಲ್ಲೇನು?

ಉತ್ತರ:
ಅಕ್ಕಾರ, ನಿಮ್ದು ಸಮುದಾಯದ್ದೂ ಹೌದು, ವ್ಯಾಪಾರನೂ ಹೌದು, ಹಂಗಾಗಿ ನಿಮಗ ಬ್ಯಾರೇ ಬಾಗಿಲು ಐತಿ. ಕಿರು ಆಹಾರ ಸಂಸ್ಕರಣಾ ಯೋಜನಿ, ಪಿಎಂಎಫ್‌ಎಂಇ ಅಂತಾರ. ಕೇಂದ್ರದ್ದು ನೂರಕ್ಕ 35, ನಮ್ ರಾಜ್ಯದ್ದು 15, ಒಟ್ಟು ಅರ್ಧ ಸಬ್ಸಿಡಿ, ಆದ್ರ ಬ್ಯಾಂಕ್ ಸಾಲದ ಜೋಡಿ ಮಾತ್ರ. ಕೃಷಿ ಇಲಾಖೆಯಾಗ ಕೇಳಿದ್ರ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರ, ಅರ್ಜಿ ಅವರ ಬರ್ಕೊಡ್ತಾರ. ಒಂದ ಮಾತು, ಸೋಲಾರ್‌ಗೆ ಅಂತ ಹಾಕಿದ ಸಣ್ಣ ಡಿಸಿ ಮೋಟರಿನ ರೊಟ್ಟಿ ಮಷಿನ್ ಬ್ಯಾರೇ ಬರ್ತಾವ. ನಿಮ್ಮ ಹಳೇ ಮಷಿನ್ ಮೋಟರ್ ಒಂದು ಎಚ್‌ಪಿ ಇದ್ರ ಶುರುವಾಗೋ ಟೈಮಿಗೆ ನಾಲ್ಕೈದು ಪಟ್ಟು ಎಳೀತೈತಿ, ಸಣ್ಣ ಇನ್ವರ್ಟರ್ ಕೈ ಎತ್ತಿಬಿಡ್ತೈತಿ. ಮೋಟರ್ ಮ್ಯಾಲಿನ ಪ್ಲೇಟ್ ಫೋಟೋ ಹಾಕ್ರಿ, ಆಮ್ಯಾಲೆ ಮಾತಾಡೋಣು.

ಪ್ರಶ್ನೆ (ಯಲಬುರ್ಗಾ ಕಮಿಟಿಯವ್ರು ಮತ್ತ):
ಸರ್ ಬಾಳ ಉಪಕಾರಾತು. ಹಂಗಾರ ಸಿಎಸ್‌ಆರ್ ಕೇಳೋದಾದ್ರ ಎಷ್ಟು ಕಿಲೋವ್ಯಾಟ್ ಅಂತ ಬರೀಲಿ? ಒಬ್ಬ ಏಜೆಂಟ್ 5 ಕಿಲೋವ್ಯಾಟ್ ಆನ್‌ಗ್ರಿಡ್ ಅಂತ ಕೊಟೇಷನ್ ಕೊಟ್ಟಾನ. ನಾಲ್ಕು ಫ್ಯಾನು, ಎಂಟು ಟ್ಯೂಬ್‌ಲೈಟು, ನಾಲ್ಕು ಕಂಪ್ಯೂಟರ್ ಅದಾವ.

ಉತ್ತರ:
ಆ ಕೊಟೇಷನ್ ಮಡಚಿ ಇಡ್ರಿ. ಆನ್‌ಗ್ರಿಡ್ ಅಂದ್ರ ಬ್ಯಾಟರಿ ಇಲ್ಲದ, ನೇರ ಕರೆಂಟ್ ಲೈನಿಗೆ ಜೋಡಿಸೋದು; ಅದರ ಇನ್ವರ್ಟರ್, ಲೈನಿನಾಗ ಕರೆಂಟ್ ಹೋದ್ರ ತಾನೂ ಬಂದ್ ಆಗ್ತೈತಿ, ಹಾಡಹಗಲು ಬಿಸಿಲು ಉರೀತಿದ್ರೂ ಸೈತ. ಕಂಬದ ಮ್ಯಾಲಿನ ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ ಹಂಗ ಮಾಡ್ಯಾರ. ಇದನ್ನ ಮಾರೋರು ಹೇಳಂಗಿಲ್ಲ, ಹಾಕಿಸಿದ ಮ್ಯಾಲೆ ಮಂದಿ ನನಗ ಫೋನ್ ಹಚ್ತಾರ. ನಿಮ್ ಹುಡುಗ್ರಿಗೆ ಬೇಕಾದ್ದು ರಾತ್ರಿ ಕರೆಂಟ್ ಹೋದಾಗ ಬೆಳಕು. 5 ಕಿಲೋವ್ಯಾಟ್ ಆನ್‌ಗ್ರಿಡ್ ಹಾಕಿದ್ರೂ ಅವ್ರು ಮೊಬೈಲ್ ಬ್ಯಾಟರಿ ಹಚ್ಚೋದು ತಪ್ಪಂಗಿಲ್ಲ.

ಲೆಕ್ಕ ಮಾಡೋಣ. ಹಳೇ ಫ್ಯಾನ್ 75 ವ್ಯಾಟ್, ನಾಲ್ಕಕ್ಕ 300. ಎಲ್‌ಇಡಿ ಟ್ಯೂಬ್ 20 ಅಂತ ಹಿಡದ್ರ 160. ಕಂಪ್ಯೂಟರ್ ನೂರರಂಗ 400. ಒಟ್ಟು 860. ಮೊದಲ ಹಳೇ ಫ್ಯಾನ್ ತಗದು ಕಡಿಮಿ ಕರೆಂಟ್ ಎಳಿಯೋ ಬಿಎಲ್‌ಡಿಸಿ ಫ್ಯಾನ್ ಹಾಕ್ರಿ, ಅವು 30 ವ್ಯಾಟಿನವು, ಒಟ್ಟು 680ಕ್ಕ ಇಳೀತು. ರಾತ್ರಿ ಎರಡು ತಾಸು ಕರೆಂಟ್ ಹೋಗ್ತೈತಿ ಅನ್ನೋಣ, ಹೆಚ್ಚುಕಮ್ಮಿ ಒಂದೂವರಿ ಯೂನಿಟ್. 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ, ಒಂದು ಇನ್ವರ್ಟರ್, ಮುಗೀತು. ಖರೇ ಹೇಳಬೇಕಂದ್ರ ಇಷ್ಟಕ್ಕ ಸೋಲಾರ್ ಬೇಕಾಗೇ ಇಲ್ಲ, ಕರೆಂಟ್ ಇದ್ದಾಗ ಚಾರ್ಜ್ ಆಗ್ತೈತಿ. ಸೋಲಾರ್ ಕೊಡೋರು ಸಿಕ್ರ ಒಂದು ಕಿಲೋವ್ಯಾಟ್ ಸಾಕು, ನಮ್ ಕಡಿ ಬಿಸಿಲಿಗೆ ದಿನಕ್ಕ ನಾಲ್ಕು ಯೂನಿಟ್ ಬರ್ತೈತಿ, ನೂರು ಚದರಡಿ ಮಾಳಿಗಿ ಜಾಗ ಬೇಕು, ಜೋಡಿ ಹೈಬ್ರಿಡ್ ಇನ್ವರ್ಟರ್ (ಸೋಲಾರ್, ಬ್ಯಾಟರಿ, ಲೈನ್ ಮೂರೂ ನಡಸೋದು) ಕೇಳ್ರಿ. (ಸರ್ಕಾರಿ ಸಾಲಿಯವರು ಬಿಲ್ ಉಳಿತೈತಿ ಅಂತ ಸೋಲಾರ್ ಕೇಳಿದ್ರ ಈಗ ಆ ವಾದ ನಡಿಯಂಗಿಲ್ಲ, ಸಾಲಿಗೆ ಕರೆಂಟ್ ಫ್ರೀ ಅಂತ 2023ರ ರಾಜ್ಯೋತ್ಸವಕ್ಕ ಘೋಷಣೆ ಆಗೈತಿ.)

ಇನ್ನ ಕೊಡೋರು ಪ್ಯಾನಲ್ ಕೊಟ್ಟು ಫೋಟೋ ಹೊಡ್ಕೊಂಡು ಹೋಗ್ತಾರ, ಬ್ಯಾಟರಿ ನಾಲ್ಕೈದು ವರ್ಷಕ್ಕ ಮುದುಕಾಗ್ತೈತಿ, ಆಗ ಯಾರು? ಒಂದು ಹಾಸ್ಟೆಲ್ ಮ್ಯಾಲೆ ರಿಪೇರಿಗೆ ಹತ್ತಿದ್ದೆ, ಉಕ್ಕಿನ ಫ್ಯಾಕ್ಟರಿಗಳಿರೋ ಗಿಣಿಗೇರಿ ಸುತ್ತಿನ ಊರು, ಪ್ಯಾನಲ್ ಮ್ಯಾಲೆ ಬಳ್ಳು ಎಳದ್ರ ಕಾಡಿಗಿ ಹಚ್ಚಿದಂಗ ಕರಿ ಧೂಳು, ಅದರ ಮ್ಯಾಲೆ ಯಾರೋ ಬೋರಿನ ನೀರು ಹೊಡದು ಹೊಡದು ಬಿಳೇ ಉಪ್ಪಿನ ಪೊರೆ ಕಟ್ಟಿತ್ತು, ಬ್ಯಾಟರಿಯೊಳಗ ನೀರು ಒಣಗಿ ಪ್ಲೇಟ್ ಕಾಣ್ತಿದ್ವು. ಪ್ಯಾನಲ್ ಕೆಟ್ಟಿರಲಿಲ್ಲರಿ, ನೋಡೋರು ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ನಸುಕಿನ್ಯಾಗ, ಗಾಜು ಕಾಯೋದಕ್ಕ ಮೊದಲ, ಶುದ್ಧ ನೀರಿನ ಘಟಕದ ಎರಡು ಕೊಡ ನೀರಾಗ ಬಟ್ಟಿಲೆ ಒರಸ್ರಿ. ಘಟಕದಿಂದ ಹೊರಗ ಬಿಡೋ ವೇಸ್ಟ್ ನೀರು ಮಾತ್ರ ಬ್ಯಾಡ, ಅದು ಬೋರಿಗಿಂತ ಉಪ್ಪು. ಕಮಿಟಿಯೊಳಗ ತಿಂಗಳಾ 500 ರೂಪಾಯಿ ಬ್ಯಾಟರಿ ಹೆಸರಿಗೆ ತಗದಿಟ್ರ ನಾಲ್ಕು ವರ್ಷಕ್ಕ 24 ಸಾವಿರ ಆಗ್ತೈತಿ.

ಯಲಬುರ್ಗಾ ಕಮಿಟಿ:
ಆತ್ರಿ ಸರ್. ಬಿಲ್ಲು, ಮಾಳಿಗಿದು ಫೋಟೋ ಹಾಕೀನಿ ನೋಡ್ರಿ. ಮೀಟರ್ ಹತ್ತು ವರ್ಷದ ಹಿಂದಿನ ಸೆಕ್ರೆಟರಿ ಹೆಸರಿಗೇ ಐತಿ, ಅವರು ತೀರಿಕೊಂಡಾರ. ಬಾಜೂಕ ಬೇವಿನ ಗಿಡ ಐತಿ, ಕಡಸಬೇಕೇನು?

ಉತ್ತರ:
ಮೀಟರ್ ಮೊದಲು ಪಂಚಾಯ್ತಿ ಹೆಸರಿಗೆ ಮಾಡಿಸ್ರಿ, ಅದಿಲ್ಲಂದ್ರ ಯಾವ ಅರ್ಜಿನೂ ಮುಂದ ಹೋಗಂಗಿಲ್ಲ. ಬೇವಿನ ಗಿಡ ಮುಟ್ಟಬ್ಯಾಡ್ರಿ, ಬ್ಯಾಸಿಗ್ಯಾಗ ಆ ರೂಮು ತಂಪಿರೋದ ಅದರಿಂದ. ಫೋಟೋ ಮುಂಜಾನೆ ತಗದಂಗ ಕಾಣ್ತೈತಿ. ನಾಳೆ ಮಧ್ಯಾಹ್ನ 3ಕ್ಕ ಮಾಳಿಗಿ ಹತ್ತಿ ಇನ್ನೊಂದು ತಗೀರಿ, ನೆರಳು ಎಲ್ಲೀತನಕ ಬರ್ತೈತಿ ಸೀಮೆಸುಣ್ಣದಾಗ ಗೆರಿ ಹೊಡದು ಇಡ್ರಿ. ಗೆರಿಯಿಂದ ಆಚೆ ನೂರು ಚದರಡಿ ಸಿಕ್ರ ಸಾಕು.